ಹಿಂದಿನ ಚಕ್ರದ ಸದ್ದು

"ಈ ಕಿರುಚಾಟ ಎಷ್ಟು ಸಮಯದಿಂದ ಉಂಟು ಮಾಷ್ಟ್ರೇ?" ಹಳೆಯ ಕಾರಿನ ಹಿಂದಿನ ಚಕ್ರ ಬಿಚ್ಚುತ್ತ ಮೆಕ್ಯಾನಿಕ್ ಸಿರಿಲ್ ಕೇಳಿದ.

"ಎರಡು ವರ್ಷ ಆಯ್ತು. ಹಾರ್ನ್ ಕೆಟ್ಟರೂ ನಾನು ರಿಪೇರಿ ಮಾಡಿಸಲಿಲ್ಲ. ತಿರುವಿನಲ್ಲಿ ಈ ಸದ್ದು ಕೇಳಿದರೆ ಸಾಕು, ಹೆಂಡತಿ ಬಂದು ಗೇಟು ತೆಗೀತಾಳೆ."

ಬ್ರೇಕಿನ ಡ್ರಮ್ ಕಚ್ಚಿಕೊಂಡಿತ್ತು. ಸಿರಿಲ್ ಸುತ್ತಿಗೆಯಿಂದ ಬಡಿಯತೊಡಗಿದ.

"ಸದ್ದೊಂದು ಬಿಟ್ಟರೆ ಚಿನ್ನದಂಥ ಗಾಡಿ," ಎಂದರು ಮೇಷ್ಟ್ರು. "ಮನೆಯೆದುರಿನ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟರೂ ಅಲ್ಲಾಡುವುದಿಲ್ಲ."

ಸುತ್ತಿಗೆಯ ಏಟಿನ ನಡುವೆ ಸಿರಿಲ್‌ಗೆ ಅದು ಕೇಳಿಸಲಿಲ್ಲ. ಡ್ರಮ್ ಕಳಚಿ ಬಂದಾಗ ಅವನು ಮುಖ ಸಿಂಡರಿಸಿದ.

"ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಬ್ರೇಕು ಚಕ್ರವನ್ನು ಬಿಡುವುದೇ ಇಲ್ಲ. ಈಗ ಕೇಬಲ್ ತೆಗೀತೇನೆ, ಹೊಸತು ಸೋಮವಾರ ಬರ್ತದೆ. ಅಲ್ಲಿವರೆಗೆ ಹ್ಯಾಂಡ್‌ಬ್ರೇಕ್ ಇಲ್ಲ, ನೆನಪಿಟ್ಟುಕೊಳ್ಳಿ."

"ನಾನು ಅದನ್ನು ಮುಟ್ಟುವುದೇ ಇಲ್ಲ ಮಾರಾಯ."

ಕೆಲಸ ಮುಗಿದ ಮೇಲೆ ಸಿರಿಲ್ ಒಂದೇ ಬೆರಳಿನಿಂದ ಚಕ್ರ ತಿರುಗಿಸಿ ತೋರಿಸಿದ. ಅದು ಬಹಳ ಹೊತ್ತು ತಿರುಗುತ್ತಲೇ ಇತ್ತು.

ಸಂಜೆ ಕಾರು ತಿರುವು ದಾಟಿದರೂ ಸದ್ದು ಬರಲಿಲ್ಲ. ಇಳಿಜಾರಿನ ಕೊನೆಯ ಗೇಟೂ ತೆರೆಯಲಿಲ್ಲ. ಮೇಷ್ಟ್ರು ಗೇಟಿನಿಂದ ತುಸು ಮೇಲೆಯೇ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎಂದಿನಂತೆ ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿದರು. ಕಾರಿಗೆ ಬೆನ್ನು ಹಾಕಿ, ಗೇಟಿನ ಬಿಗಿದ ಚಿಲಕ ಎಳೆಯುತ್ತ ಹೆಂಡತಿಯನ್ನು ಕೂಗಿದರು.

"ನೋಡು ಮಾರಾಯ್ತಿ, ಈಗ ಒಂಚೂರಾದರೂ ಸದ್ದುಂಟಾ?"

ನಿಜಕ್ಕೂ ಇರಲಿಲ್ಲ. ಅವರ ಬೆನ್ನ ಹಿಂದೆ ಕಾರು ಆಗಲೇ ಉರುಳತೊಡಗಿತ್ತು.