ಕದರಮ್ಮ ಹೇಳಿದ ಹೆಸರು

"ಕಣ್ಣು ಮುಚ್ಕೋಬೇಡಿ, ರೀ!" ಎನ್ನುತ್ತ ಆಶಾರಾಣಿ ಒಂದು ಕೈಯಲ್ಲಿ ಗಂಡ ರವಿಕಿರಣನ ರೆಪ್ಪೆ ಬಿಡಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಪೈಪಿನ ನೀರು ಬಿಡುತ್ತಿದ್ದಳು. ಹಿತ್ತಲಲ್ಲಿ ತೆಂಗಿನ ಮಟ್ಟೆಯ ರಾಶಿ ತೆಗೆಯುವಾಗ ನಾಗರಹಾವು ಹೆಡೆಯೆತ್ತಿ ಅವನ ಮುಖಕ್ಕೆ ವಿಷ ಚಿಮ್ಮಿಸಿತ್ತು. ಫೋನು ಅತ್ತೆ ಕದರಮ್ಮನ ಕೈಯಲ್ಲಿತ್ತು.

"ಕಣ್ಣಿಗೆ ಏನ್ ಬಿತ್ತಮ್ಮಾ?" ಆಂಬುಲೆನ್ಸಿನವನು ಸ್ಪೀಕರಿನಲ್ಲಿ ಕೇಳಿದ.

"ಅದೇ ಕಣಪ್ಪ, ದೊಡ್ಡೋರು. ಕೋಪ ಮಾಡ್ಕೊಂಬುಟ್ರು."

"ಯಾರು? ಹೊಡೆದಾಟಾನಾ?"

ಕದರಮ್ಮ ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾವಿನ ಹೆಸರನ್ನು ಬಾಯಿಂದ ಆಡಿದವರಲ್ಲ. ಹೆಸರು ಹಿಡಿದರೆ ಕರೆದಂತೆ, ಮನೆಯೊಳಗೇ ಬರುತ್ತದೆ ಎಂಬುದು ಅವರ ನಂಬಿಕೆ. ಮೊಮ್ಮಗಳ ಪಾಠದ ಪುಸ್ತಕದಲ್ಲಿದ್ದ ಚಿತ್ರಕ್ಕೂ 'ಹಗ್ಗ' ಎಂದೇ ಹೇಳುತ್ತಿದ್ದರು.

"ಅವ್ವಾ, ಉರೀತೈತೆ. ಏನೂ ಕಾಣ್ತಿಲ್ಲ" ಎಂದ ರವಿಕಿರಣ್.

ಕದರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮಟ್ಟೆಯ ರಾಶಿಯ ಕಡೆಗೆ ತಿರುಗಿ, ಅದಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು: "ಹಾವು! ನಾಗರಹಾವು ನನ್ ಮಗನ ಕಣ್ಣಿಗೆ ವಿಷ ಉಗ್ದೈತೆ. ಹೆಬ್ಬೂರು, ಹಾಲಿನ ಡೈರಿ ಹಿಂದ್ಗಡೆ ಮನೆ. ಬೇಗ ಬಾರಪ್ಪ."

"ಹೊರಟ್ವಿ ಅಮ್ಮ. ನೀರು ಹಾಕ್ತಾನೇ ಇರಿ."

ಆಶಾರಾಣಿ ಬೆರಗಾಗಿ ಅತ್ತೆಯ ಮುಖ ನೋಡಿದಳು. "ಅತ್ತೆ, ಅಂದೇಬಿಟ್ರಲ್ಲ!"

"ಬಂದ್ರೆ ಬರ್ಲಿ ಬುಡು. ನೀನು ನೀರ್ ನಿಲ್ಲಿಸ್ಬೇಡ."