ಒರೆಸಿದ ಮೆಟ್ಟಿಲು

ಬಾಗಿಲಿಗೆ ನೀರು ಚಿಮುಕಿಸಿದ ವಾಸನೆ ಬಂದರೆ ಈಗಲೂ ನಾನು ಗೋಡೆ ಹಿಡಿದೇ ಮೆಟ್ಟಿಲಿಳಿಯುತ್ತೇನೆ.

ಅಪ್ಪ ಆಗ ಕೆನಡಾದ ಹಳ್ಳಿಯೊಂದರಲ್ಲಿ ಹಾಲಿನ ಫಾರ್ಮಿನ ಕೆಲಸಕ್ಕಿದ್ದರು. ಅಮ್ಮನ ಬಾಣಂತನಕ್ಕೆಂದು ಮಾಗಡಿ ಹತ್ತಿರದ ಕಲ್ಯದಿಂದ ಅಜ್ಜಿ ಬಂದಿದ್ದಳು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನದ ಕಾಫಿ ಮುಗಿಯುವಷ್ಟರಲ್ಲೇ ಕತ್ತಲಾಗುತ್ತಿತ್ತು.

“ಈ ಊರ ಸೂರ್ಯ ಸೋಮಾರಿ ಕಣ್ಲಾ, ಆಗ್ಲೇ ಮಲಗ್ಬುಟ್ಟ,” ಎಂದು ಅಜ್ಜಿ ನಕ್ಕಳು.

ಆ ಸಂಜೆ ಅಮ್ಮ ಕೊಟ್ಟಿಗೆಯಲ್ಲಿದ್ದ ಅಪ್ಪನಿಗೆ ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟುಬರಲು ಹೋಗಿದ್ದಳು. ದೀಪ ಹಚ್ಚುವ ಮೊದಲು, ಊರಲ್ಲಿ ಮಾಡುತ್ತಿದ್ದಂತೆ, ಅಜ್ಜಿ ಬಾಗಿಲು ತೆರೆದು ಮರದ ಮೆಟ್ಟಿಲಿಗೆ ಚೊಂಬಿನಿಂದ ನೀರು ಚಿಮುಕಿಸಿದಳು.

“ಬಸುರಿ ಒಳಕ್ಕೆ ಬತ್ತಾಳೆ. ಬಾಗ್ಲು ಒಣಗಿರಬಾರ್ದು.”

ಹನಿಗಳು ಮೊದಲು ಹೊಳೆದವು, ಆಮೇಲೆ ಮಂಕಾದವು. ಅಜ್ಜಿ ಒಳಗೆ ಬತ್ತಿ ಹೊಸೆಯುತ್ತಿದ್ದಾಗ ಹೊರಗೆ ಫ್ಲಾಸ್ಕ್ ಉರುಳಿದ ಸದ್ದಾಯಿತು. ನಾನು ಓಡಿಹೋಗಿ ಬಾಗಿಲು ತೆರೆದೆ. ಮೆಟ್ಟಿಲು ಗಾಜಿನಂತಾಗಿತ್ತು. ಕೆಳಗೆ ಹಿಮದಲ್ಲಿ ಅಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು.

“ಅತ್ತೆ, ನೀರು ಹಾಕಿದ್ರಾ?” ಎಂದಷ್ಟೇ ಕೇಳಿದಳು.

ಆಸ್ಪತ್ರೆಯಿಂದ ಅಮ್ಮ ಬರಿಗೈಯಲ್ಲಿ ಬಂದಳು.

ಮುಂದಿನ ವರ್ಷ ನಾವೆಲ್ಲ ಕಲ್ಯಕ್ಕೆ ಮರಳಿದೆವು. ಇಲ್ಲಿ ಎಂಥ ಚಳಿಗೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಅಜ್ಜಿ ಬದುಕಿರುವವರೆಗೂ ಸಂಜೆ ಬಾಗಿಲಿಗೆ ನೀರು ಚಿಮುಕಿಸಿದ ಮೇಲೆ ಕುಕ್ಕರಗಾಲಲ್ಲಿ ಕೂತು ಮೆಟ್ಟಿಲನ್ನೆಲ್ಲ ಸೆರಗಿನಿಂದ ಒರೆಸುತ್ತಿದ್ದಳು. ಅಂಗೈ ಇಟ್ಟು ನೋಡಿ, “ಬಾರವ್ವ, ಒಣಗೈತೆ,” ಎಂದು ಹೊಲದಿಂದ ಬರುತ್ತಿದ್ದ ಅಮ್ಮನನ್ನು ಕರೆಯುತ್ತಿದ್ದಳು.

ಅಮ್ಮ ಮನೆ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿದ್ದಳು.