ಜಪ್ತಿಯಾದ ದನಿ

ಸೋತ ನಾಯಕರ ದನಿಯನ್ನು ಸರ್ಕಾರ ಜಪ್ತಿ ಮಾಡುತ್ತಿದ್ದ ಕಾಲವದು. ನೇಕಾರರ ಓಣಿಯ ನೀಲಗಂಗವ್ವ ಬರೀ ತನ್ನ ದನಿಯಿಂದಲೇ ಗಿರಣಿಗಳನ್ನು ನಿಲ್ಲಿಸಿದ್ದಳು, ಮುಖ್ಯಮಂತ್ರಿಯಾಗಿದ್ದಳು, ಆ ಗಿರಣಿಗಳನ್ನು ಕೂಲಿಕಾರರ ಹೆಸರಿಗೇ ಬರೆದುಕೊಟ್ಟಿದ್ದಳು. ಕೊನೆಗೆ ಅವಳ ಮಂತ್ರಿಗಳೇ ಮಾಲೀಕರ ಜೊತೆ ಸೇರಿ ಅವಳನ್ನು ಕೆಳಗಿಳಿಸಿದರು. ಆಸ್ಪತ್ರೆಯಲ್ಲಿ ದನಿ ತೆಗೆದುಕೊಂಡು, ಮೂಕಿಯಾಗಿಸಿ ಓಣಿಗೆ ಕಳಿಸಿದರು.

ಗಿರಣಿಗಳು ಮರಳಿ ಮಾಲೀಕರ ಕೈ ಸೇರುವ ದಿನ, ಬೆಳಿಗ್ಗೆ ಬೀದಿಕಂಬದ ಧ್ವನಿವರ್ಧಕ ಮಾತಾಡಿತು. ಅವಳದೇ ದನಿ: "ನನ್ನ ಅಕ್ಕ-ತಂಗೇರಾ, ಇವತ್ತು ಯಾರೂ ಗಿರಣಿ ಕಡೆ ಬರಬ್ಯಾಡ್ರಿ. ಮನ್ಯಾಗ ಇರ್ರಿ."

ನೀಲಗಂಗವ್ವನ ಮೈಯೆಲ್ಲ ಉರಿಯಿತು. ತಾನು ಎಂದೂ ಆಡದ ಮಾತು! ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು.

ಪಕ್ಕದ ಮನೆಯ ಶಾಂತವ್ವ ಅಡ್ಡ ಬಂದಳು. "ಯಕ್ಕಾ, ಎಲ್ಲಿಗೆ ಹೊಂಟಿ? ಮನ್ಯಾಗ ಇರ್ರಿ ಅಂತ ನೀನ ಹೇಳಾಕತ್ತೀಯಲ್ಲ!"

ನೀಲಗಂಗವ್ವ ಕಂಬದತ್ತ ತಿರುಗಿ ಕ್ಯಾಕರಿಸಿ ಉಗುಳಿದಳು. ಗಿರಣಿಯ ದಾರಿಗೆ ಬೆರಳು ತೋರಿಸಿ ಒಬ್ಬಳೇ ನಡೆದಳು.

ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಬಾಗಿಲು ಬಡಿಯುವ ಸಪ್ಪಳ ಕೇಳಿಸಿತು. ಶಾಂತವ್ವ ಮನೆಮನೆಯ ಮುಂದೆ ನಿಂತು, ಧ್ವನಿವರ್ಧಕಕ್ಕಿಂತ ಜೋರಾಗಿ ಕೂಗುತ್ತಿದ್ದಳು: "ಏಳ್ರೇ, ಅಕ್ಕ ಕರ್ಯಾಕತ್ತಾಳ!"